ಇತಿಹಾಸದ ಬಾಜು ಮೊಬೈಲ್ ರಿಪೇರಿ

ಊರ ಹೊರಗಿನ ಕಾಲೇಜಿನ್ಯಾಗ ಇತಿಹಾಸ ಕಲಿಸೋನಿಗೆ ಮಾನ ಹೋಗೋ ಪ್ರಸಂಗ ಆಗ್ತಾನ ಇರ್ತಾವು. ಬಾಜು ರೂಮಿನ್ಯಾಗ ಮೊಬೈಲ್ ರಿಪೇರಿ ಕೋರ್ಸ್ ಇದ್ರಂತೂ ವಾರಕ್ಕೊಂದು ಗ್ಯಾರಂಟಿ. ಅಲ್ಲಿ ಕುಂದ್ರಾಕ ಜಾಗ ಇಲ್ಲ. ನನ್ನ ರೂಮಿನ್ಯಾಗ ಕಾಲು ಚಾಚಿ ಮಲಗಬಹುದು. ನನಗೇನು ಹೊಟ್ಟಿಕಿಚ್ಚಿಲ್ಲ. ಸುಮ್ನ ಹೇಳಿದೆ.

ಅಡ್ಮಿಶನ್

ಗುಡೇಕೋಟೆಯಿಂದ ಒಬ್ಬ ಅಪ್ಪ ಮಗಳನ್ನ ಕರಕಂಡು ಬಂದ.

"ಇತಿಹಾಸ ಓದಿದ್ರ ಏನಾಗ್ತಾರ್ರಿ ಸರ?"

"ನನ್ನಂಗ ಆಗ್ತಾರ್ರಿ," ಅಂದೆ, ಎದಿ ಉಬ್ಬಿಸಿ.

ಆತ ನನ್ನ ತಲಿಯಿಂದ ಚಪ್ಪಲಿ ತನಕ ನಿಧಾನಕ್ಕ ನೋಡಿದ. ಚಪ್ಪಲಿ ಹತ್ರ ಸ್ವಲ್ಪ ಹೆಚ್ಚಿಗಿ ಹೊತ್ತು ನಿಂತ. ಆಮ್ಯಾಲೆ ಮಗಳ ಕಡಿ ತಿರುಗಿ, "ಬಾರವ್ವ, ಬಾಜು ರೂಮಿನ್ಯಾಗ ಏನೈತಿ ನೋಡಮು," ಅಂದ.

ಹೋದ ತಿಂಗಳು ಆ ಹುಡುಗೀನ ನನ್ನ ಫೋನಿಗೆ ಹೊಸ ಗ್ಲಾಸ್ ಹಾಕಿಕೊಟ್ಲು. ಚೊಲೋ ಹಾಕ್ಯಾಳ. ಅದಕ್ಕ ಇನ್ನೂ ಬ್ಯಾಸರ.

ಶಾಲು

ವಾರ್ಷಿಕೋತ್ಸವದಾಗ ಕಾಲೇಜಿನ ಇತಿಹಾಸ ಹೇಳ್ರಿ ಅಂತ ಪ್ರಿನ್ಸಿಪಾಲ್ರು ನನಗ ಹೇಳಿದ್ರು. ಕಾಲೇಜು ಶೇಂಗಾ ಗೋದಾಮಿನ್ಯಾಗ ಶುರುವಾಗಿದ್ದು, ಮೊದಲ ಬ್ಯಾಚು ಚೀಲದ ಮ್ಯಾಲೆ ಕುಂತು ಪಾಸಾಗಿದ್ದು, ಅಷ್ಟೊತ್ತಿಗೆ ಚೀಲ ಖಾಲಿಯಾಗಿದ್ದು, ಆಮ್ಯಾಲೆ ಟೈಲರಿಂಗ್, ಕಂಪ್ಯೂಟರ್ ಬಂದಿದ್ದು, ಎಲ್ಲಾ ಬಾಯಿಪಾಠ ಮಾಡಿದ್ದೆ. ಭಾಷಣದಾಗ ಇನ್ನೂ ಗೋದಾಮಿನ ಬಾಗಿಲು ತೆಗಿಯಾದ್ರಾಗ ಮೈಕ್ ಬಂದ್ ಆತು. ಬಾಜು ರೂಮಿನ ಮೊಬೈಲ್ ಸರ್ ಸ್ಟೇಜ್ ಹತ್ತಿದ್ರು. ಒಂದು ವೈರ್ ಅಲುಗಾಡಿಸಿ "ಹಲೋ" ಅಂದ್ರು. ಅಷ್ಟಕ್ಕ ಏನ್ ಚಪ್ಪಾಳಿ.

ನನಗಂತ ತಂದಿದ್ದ ಶಾಲು ಅವರಿಗೆ ಹೊಚ್ಚಿದ್ರು. ಕಾಲೇಜಿನ ಇತಿಹಾಸ ಇನ್ನೂ ಗೋದಾಮಿನ್ಯಾಗ ಐತಿ.

ಫ್ಯಾನು

ಈ ವರ್ಷ ಕಾಲೇಜು ತಪಾಸಣಿಗೆ ಕಮಿಟಿ ಬರೋದಿತ್ತು. "ಕ್ಲಾಸಿನ್ಯಾಗ ಮಂದಿ ಕಾಣದಿದ್ರ ಇತಿಹಾಸ ಬಂದ್, ರೂಮು ಮೊಬೈಲಿಗೆ," ಅಂದ್ರು ಪ್ರಿನ್ಸಿಪಾಲ್ರು. ರಾತ್ರಿ ನಿದ್ದಿ ಹತ್ತಲಿಲ್ಲ.

ಕಮಿಟಿ ಬಂದ ದಿನ ಬಾಗಿಲು ತೆಗೆದ್ರ ರೂಮು ತುಂಬೈತಿ. ಯಾಕಂತ ಕೇಳಿದ್ರ ಎದ್ದು ಹೋದಾರು ಅಂತ ಕೇಳಲಿಲ್ಲ. ಪಾಠದಾಗ ಉಚ್ಚಂಗಿದುರ್ಗದ ಕೋಟಿ ಹತ್ತಿಸಿದೆ, ಇಳಿಸಿದೆ, ಮತ್ತ ಹತ್ತಿಸಿದೆ. ಕಮಿಟಿಯ ಹಿರೇರು ತಲಿದೂಗಿದ್ರು. ಹೊಂಟಾಗ ಮುಂದಿನ ಬೆಂಚಿನವನ್ನ ಕೇಳಿದ್ರು.

"ಯಾವ ಕೋರ್ಸಪ?"

"ಮೊಬೈಲ್ ರಿಪೇರಿ ಸರ. ನಮ್ ರೂಮಿನ ಫ್ಯಾನ್ ಕೆಟ್ಟೈತ್ರಿ. ಅದಕ ಇಲ್ಲಿ ಕುಂತೀವಿ."

"ಯಾಕ, ನಿಮ್ ಸರ್ ರಿಪೇರಿ ಮಾಡಂಗಿಲ್ಲೇನು?"

"ಫ್ಯಾನ್ ಸಿಲೆಬಸ್ಸಿನ್ಯಾಗ ಇಲ್ರಿ."

"ಮತ್ತ ಇವರು?" ಅಂತ ನನ್ನ ಕಡಿ ಬಟ್ಟು ಮಾಡಿದ್ರು.

"ಇವರು ಹಳೇ ಮಾಡೆಲ್ ರೀ. ಆದ್ರ ಬ್ಯಾಟ್ರಿ ಭಾಳ ಹೊತ್ತು ಬರ್ತೈತಿ."

ಹಿರೇರು ನಕ್ಕು ನಕ್ಕು ಕಣ್ಣೊರಿಸಿಕೊಂಡ್ರು. ಆ ನಗುವಿನ್ಯಾಗ ನನ್ನ ಕೋರ್ಸ್ ಉಳೀತು. ಬಾಜು ರೂಮಿಗೆ ಏರ್ ಕೂಲರ್ ಮಂಜೂರಾತು.

ಈಗ ನನ್ನ ಮೂರ್ನಾಕು ಮಂದೀನೂ ಅಲ್ಲೇ ಕುಂದ್ರತಾರ. ಹಾಜರಿ ಕರಿಯಾಕ ನಾನೂ ಅಲ್ಲಿಗೇ ಹೋಗ್ತೀನಿ. ಭಾಳ ನಿಧಾನಕ್ಕ ಕರೀತೀನಿ.