ಪೆನ್ಸಿಲಿನಲ್ಲಿ ಬರೆದ ಪಿ

ಅನುಮಾನ ನನ್ನ ಹುಟ್ಟುಗುಣ. ತರಕಾರಿಯವಳು ಒಂದು ಹಿಡಿ ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಹಾಕಿದರೂ, ಕೆಳಗಿನ ಬದನೆಕಾಯಿ ಹುಳುಕಿರಬೇಕು ಎಂದುಕೊಳ್ಳುವವನು ನಾನು. ನಂಜನಗೂಡಿನ ಬ್ಯಾಂಡ್‌ಸೆಟ್ಟಿಗೆ ಕ್ಲಾರಿನೆಟ್ ಊದಲು ಸೇರಿದಾಗಲೂ ಈ ಗುಣವನ್ನು ಮನೆಯಲ್ಲಿ ಬಿಟ್ಟು ಹೋಗಲಿಲ್ಲ.

ನನ್ನ ಹೆಂಡತಿ ಸರೋಜ ಟಿ. ನರಸೀಪುರದಲ್ಲಿ ಟೀಚರಾಗಿದ್ದಳು. ನಿವೃತ್ತಿಯ ದಿನ ವೇದಿಕೆಯ ಮೇಲೆ ಒಂದು ಹಾಡು ಹಾಡಬೇಕೆಂಬುದು ಅವಳ ಬಹುದಿನದ ಆಸೆ. ದನಿ ಇಂಪು, ಆದರೆ ಬಲು ಸಣ್ಣದು. ಶಾಲೆಯ ಮೈಕು ಅವಳಿಗಿಂತ ಮೊದಲೇ ನಿವೃತ್ತಿಯಾಗಿತ್ತು. "ನಿಮ್ಮ ಬ್ಯಾಂಡಿನವ್ರೇ ಬರ್ಲಿ, ಆದ್ರೆ ನನ್ ಹಾಡು ಕೇಳಿಸ್ಬೇಕು ಕಣ್ರೀ" ಎಂದಳು.

ಬ್ಯಾಂಡ್ ಮಾಸ್ಟರು ಸ್ವರ ಬರೆದ ಹಾಳೆ ಹಂಚಿ, ಮನೆಯಲ್ಲೇ ಕಲಿತು ಬನ್ನಿ ಎಂದರು. ಕಬ್ಬು ಕಡಿಯುವ ಕಾಲ, ಎಲ್ಲರೂ ಒಟ್ಟಿಗೆ ಸೇರುವುದೆಲ್ಲಿ ಬಂತು? ಸ್ವರಗಳ ಕೆಳಗೆ ಎಫ್ ಎಂದಿದ್ದರೆ ಜೋರು, ಪಿ ಎಂದಿದ್ದರೆ ಮೆಲ್ಲಗೆ, ಎರಡು ಪಿ ಇದ್ದರೆ ಇನ್ನೂ ಮೆಲ್ಲಗೆ. ಮೂರಿದ್ದರೆ, ಇವನು ಊದುತ್ತಿದ್ದಾನೆಯೇ ಎಂದು ಪಕ್ಕದವನಿಗೇ ಅನುಮಾನ ಬರಬೇಕು. ನನ್ನ ಹಾಳೆಯಲ್ಲಿ ಹಾಡಿನ ಉದ್ದಕ್ಕೂ ಪೆನ್ಸಿಲಿನಲ್ಲಿ ಗೀಚಿದ ಎರಡೆರಡು ಪಿ! ಯಾಕೆಂದು ಕೇಳಬಹುದಿತ್ತು. ಕೇಳಿಬಿಟ್ಟರೆ ನನ್ನ ಅನುಮಾನಕ್ಕೆ ಏನು ಮರ್ಯಾದೆ? ಟ್ರಂಪೆಟ್ ಊದುವ ಹುಲ್ಲಹಳ್ಳಿಯ ಮಾದೇವನ ಹಾಳೆಗೆ ಇಣುಕಿದೆ. ಅವನು ಪರೀಕ್ಷೆಗೆ ಕೂತವನ ಹಾಗೆ ಅದನ್ನು ಎದೆಗೆ ಅವಚಿಕೊಂಡ. ನಮ್ಮ ಸೆಟ್ಟಿನಲ್ಲಿ ಅದೇ ರೂಢಿ, ಯಾರೂ ಯಾರಿಗೂ ಹಾಳೆ ತೋರಿಸುವುದಿಲ್ಲ. ನನಗೆ ಖಾತ್ರಿಯಾಯಿತು: ಎಫ್ ಎಲ್ಲ ಅವನಿಗೆ, ಪಿ ಎಲ್ಲ ನನಗೆ. ಮನೆಗೆ ಬಂದು ಸರೋಜಳ ರಬ್ಬರಿನಿಂದಲೇ ಪಿಗಳನ್ನು ಅಳಿಸಿ ಎಫ್ ಬರೆದೆ.

ಸಮಾರಂಭದಲ್ಲಿ ಜೀವ ಬಿಟ್ಟು ಊದಿದೆ. ಮಾದೇವನೂ ಊದಿದ. ಡ್ರಮ್ಮಿನವನಿಗಂತೂ ದೆವ್ವ ಹೊಕ್ಕಂತಿತ್ತು. ಸರೋಜಳ ಬಾಯಿ ತೆರೆಯಿತು, ಮುಚ್ಚಿತು, ಹಾಡು ಮಾತ್ರ ಒಬ್ಬರಿಗೂ ಕೇಳಲಿಲ್ಲ. ಅವಳು ಇಳಿದು ಹೋದ ಮೇಲೂ ನಾವು ಬಾರಿಸುತ್ತಲೇ ಇದ್ದೆವು.

ಮಾಸ್ಟರು ನಮ್ಮ ಹಾಳೆಗಳನ್ನು ಕಿತ್ತು ನೋಡಿದರು. "ಟೀಚರಮ್ಮನ ದನಿ ಕೇಳ್ಲಿ ಅಂತ ಎಲ್ರಿಗೂ ಪಿ ಹಾಕಿದ್ನಲ್ರಯ್ಯಾ, ಎಲ್ಲೋಯ್ತು?"

ಮಾದೇವ ತಲೆ ಕೆರೆದುಕೊಂಡ. "ನಂಗೊಬ್ಬಂಗೇ ಆಕವ್ರೆ ಅನ್ಕಂಡು ಅಳಿಸ್ಬುಟ್ಟೆ ಸಾ." ಡ್ರಮ್ಮಿನವನು ನೆಲ ನೋಡಿದ.

ನಾಚಿಕೆಯಿಂದ ಸತ್ತೇಹೋದೆ. ವಾಪಸು ಬರುವಾಗ ಬಸ್ಸಿನಲ್ಲಿ ಸರೋಜ ಕಿಟಕಿಯ ಕಡೆ ತಿರುಗಿದವಳು ನಂಜನಗೂಡು ಬರುವವರೆಗೂ ಈ ಕಡೆ ತಿರುಗಲಿಲ್ಲ. ಅವಳಿಗೆ ಇನ್ನೊಂದು ನಿವೃತ್ತಿಯನ್ನು ಎಲ್ಲಿಂದ ತರಲಿ?

ಮುಂದಿನ ಭಾನುವಾರ ಅವಳೇ ಅಕ್ಕಪಕ್ಕದವರನ್ನು ಕರೆದು ಕೂರಿಸಿದಳು. ಕ್ಲಾರಿನೆಟ್ಟನ್ನು ಒರೆಸಿ, ಜೋಡಿಸಿ ಕೈಗೆ ಕೊಟ್ಟಳು. ಹಾಳೆಯ ತುಂಬ ಮೂರು ಮೂರು ಪಿ, ಈ ಸಲ ಪೆನ್ನಿನಲ್ಲಿ. ಊದಿದೆ, ಎಷ್ಟು ಮೆಲ್ಲಗೆಂದರೆ ನನಗೇ ಕೇಳಿಸಲಿಲ್ಲ. ಅವಳ ಹಾಡು ಮನೆ ತುಂಬಿತು, ನನ್ನ ಕಣ್ಣೂ ತುಂಬಿತು. "ಅಂತೂ ಕಲಿತ್ರಲ್ಲ" ಎಂದು ನಕ್ಕಳು. ನಾನು ಹಿಗ್ಗಿಹೋದೆ.

ಎಲ್ಲರೂ ಹೋದ ಮೇಲೆ ಕ್ಲಾರಿನೆಟ್ ಬಿಚ್ಚಿದರೆ, ಕೊಳವೆಯೊಳಗೆ ಬಿಗಿಯಾಗಿ ತುರುಕಿದ್ದ ಕರೀಹಲಗೆ ಒರೆಸುವ ಬಟ್ಟೆ ಸಿಕ್ಕಿತು. ಅನುಮಾನ ಈ ಮನೆಯಲ್ಲಿ ನನ್ನೊಬ್ಬನ ಗುಣ ಎಂದುಕೊಂಡಿದ್ದೆ.