ಕಳ್ಳನ ನೀಲಿ ಕಪ್

"ಹಮಾಲರು ಯಾಕೆ ಬೇಕು ಅಂತೀನಿ! ನಾವೆಲ್ಲ ಏನು ಸತ್ತುಹೋಗಿದ್ದೀವಾ?" ಎಂದು ಕಂಬ ಬೂಟಿನ ದಾರ ಬಿಗಿಯುತ್ತಾ ಗುಡುಗಿದ. ಗುಡುಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಯಾಕೆಂದರೆ ಐವರ ತಂಡದಲ್ಲಿ ಒಬ್ಬ ನಿಜವಾಗಿಯೂ ಸತ್ತುಹೋಗಿದ್ದ. ಅವನ ಮನೆ ಸಾಮಾನು ಕಟ್ಟಿ ಲಾರಿಗೆ ಏರಿಸಲೆಂದೇ ಈ ಬೂಟು, ಈ ಗುಡುಗು.

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಮೊನ್ನೆ ಮಂಚದ ಕೆಳಗಿನ ಚಪ್ಪಲಿ ತೆಗೆಯೋಕೆ ಬಗ್ಗಿದವರು, ಮೇಲೇಳೋಕೆ ಆಗದೆ ನನ್ನನ್ನ ಕೂಗಿದ್ರಲ್ಲ, ಅದು ಯಾರು?"

"ಅದು ಚಪ್ಪಲಿ ಕಣೇ. ಇದು ಟೀಮು! ಮಧ್ಯಾಹ್ನದ ಊಟದೊಳಗೆ ಮನೆ ಖಾಲಿ. ಒಂದು ಚಮಚಕ್ಕೂ ಗೀರು ಬೀಳಲ್ಲ, ಬರೆದಿಟ್ಕೋ!"

"ಟೀಮಂತೆ! ಮೂರು ಜನರನ್ನೂ ಸೇರಿಸಿದರೆ ಒಂದು ಜೊತೆ ಸರಿಯಾದ ಮೊಣಕಾಲು ಸಿಗಲ್ಲ. ಗಾಜಿನ ಸಾಮಾನು ಮಾತ್ರ ಮುಟ್ಟಬೇಡಿ." ಆಮೇಲೆ ಅವಳ ದನಿ ಇಳಿಯಿತು. "ಅವರ ಹೆಂಡತೀನ ಸ್ವಲ್ಪ ಮಾತಾಡಿಸ್ರೀ. ಅವತ್ತಿನಿಂದ ಗಟ್ಟಿಯಾಗಿ ಅತ್ತಿದ್ದನ್ನೂ ನಾನು ನೋಡಿಲ್ಲ."

ಯಾರಪ್ಪ ಈ ಕಂಬ, ಸತ್ತವನು ಯಾರು ಅಂತ ಕೇಳ್ತೀರಾ? ಹೇಳ್ತೀನಿ. ಕಂಬ ಅಂದರೆ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಎತ್ತರದವನು. ಆಗ ಆ ಎತ್ತರಕ್ಕೆ ಇಡೀ ಕಾಲೇಜು ಚಪ್ಪಾಳೆ ತಟ್ಟುತ್ತಿತ್ತು. ಈಗ ಅದೇ ಎತ್ತರ ಅಕ್ಕಪಕ್ಕದ ಮನೆಯವರಿಗೆ ಬಲ್ಬು ಬದಲಾಯಿಸುವಾಗ ನೆನಪಾಗುತ್ತದೆ. ಹೊಟ್ಟೆಪಾಡಿಗೆ ಹಾಸಿಗೆ ಅಂಗಡಿ. ಗಿರಾಕಿಗಳ ಮುಂದೆ ಹೊಸ ಹಾಸಿಗೆ ಮೇಲೆ ಮಲಗಿ, "ನೋಡಿ ಸಾರ್, ನನ್ನಂಥವನಿಗೇ ಸಾಕಾಗುತ್ತೆ!" ಎನ್ನುವುದು ಅವನ ಉದ್ಯೋಗ. ಹಾಗೆನ್ನುವಾಗ ಎರಡೂ ಪಾದ ಹೊರಗೆ ನೇತಾಡುತ್ತಿರುತ್ತವೆ. ರಿಂಗಿಗೆ ಕೈ ಮುಟ್ಟಿಸುತ್ತಿದ್ದ ಮನುಷ್ಯ ದಿನವಿಡೀ ಮಲಗಿ ಸಂಪಾದಿಸುತ್ತಾನೆ ಅಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ.

ಇನ್ನು ಸತ್ತವನು ಕಳ್ಳ. ಎದುರಾಳಿಯ ಕೈಯಲ್ಲಿದ್ದ ಬಾಲು ಯಾವಾಗ ಮಾಯವಾಯಿತೆಂದು ಎದುರಾಳಿಗೇ ತಿಳಿಯುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಕಾಲೇಜು ಮುಗಿದ ಮೇಲೆ ಅವನು ಇಟ್ಟಿದ್ದು ಏನು ಗೊತ್ತಾ? ಬೀಗ ರಿಪೇರಿ ಅಂಗಡಿ! "ಹೋಗೋ, ಊರಿನ ಬೀಗವೆಲ್ಲ ಕಳ್ಳನ ಕೈಗೇ ಸಿಕ್ಕಿತಲ್ಲೋ!" ಎಂದು ತಂಡ ಹೊಟ್ಟೆ ಹಿಡಿದು ನಕ್ಕಿತ್ತು. ಅದೇ ಅಂಗಡಿಯಲ್ಲಿ, ಯಾರದೋ ಕೀಲಿಕೈಗೆ ಅರ ಉಜ್ಜುತ್ತಿದ್ದವನು ಕೂತಲ್ಲೇ ಕುಸಿದ. ಎಬ್ಬಿಸಲು ಹೋದವರಿಗೆ ಎದೆ ನಿಂತುಹೋಗಿದ್ದು ಆಮೇಲೆ ತಿಳಿಯಿತು.

ಕಂಬನೂ ಕಳ್ಳನೂ ಸೇರಿ ಒಂದು ಚಮತ್ಕಾರ ಮಾಡುತ್ತಿದ್ದರು. ಕ್ಯಾಪ್ಟನ್ "ಎಡಕ್ಕೆ!" ಎಂದು ಕೂಗಿದ ಕೂಡಲೇ ಕಂಬ ತಿರುಗಿಯೂ ನೋಡದೆ ಬಾಲನ್ನು ಎಡಕ್ಕೆ ಎಸೆಯಬೇಕು. ಎಸೆಯುವಾಗ ಅಲ್ಲಿ ಯಾರೂ ಇರುತ್ತಿರಲಿಲ್ಲ. ಬಾಲು ತಲುಪುವಷ್ಟರಲ್ಲಿ ಕಳ್ಳ ಇರುತ್ತಿದ್ದ. ಕಳ್ಳನೂ ಅಷ್ಟೇ. ಬಲಕ್ಕೆ ಕಣ್ಣು ಮುಚ್ಚಿ ಎಸೆದರೂ ಅಲ್ಲಿ ಕಂಬ ಇರುತ್ತಿದ್ದ. ಹೆಂಡತಿಯ ಮಾತು ಬಿಡಿ, ಬ್ಯಾಂಕಿನವರ ಮಾತು ಬಿಡಿ, ಪ್ರಪಂಚದಲ್ಲಿ ಕಂಬ ಹಿಂದೆ ಮುಂದೆ ನೋಡದೆ ನಂಬಿದ್ದು ಆ ಎಡಗಡೆಯ ಖಾಲಿ ಜಾಗವನ್ನು ಮಾತ್ರ.

ಕಳ್ಳನ ಮನೆಯ ಮೆಟ್ಟಿಲ ಬುಡದಲ್ಲಿ ಇನ್ನಿಬ್ಬರು ಆಗಲೇ ಏದುಸಿರು ಬಿಡುತ್ತಾ ನಿಂತಿದ್ದರು. ಕ್ಯಾಪ್ಟನ್ ಈಗ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಒಂದು ಕಾಲಕ್ಕೆ ಕೋರ್ಟಿನಲ್ಲಿ "ನುಗ್ರೋ, ನುಗ್ರೋ!" ಎನ್ನುತ್ತಿದ್ದವನು ಈಗ ಇಡೀ ದಿನ "ನಿಧಾನ, ನಿಧಾನ" ಎನ್ನುತ್ತಾನೆ. ಎದುರಾಳಿಗೆ ಬಿಡದೆ ಅಂಟಿಕೊಳ್ಳುತ್ತಿದ್ದ ಗೋಂದು ಔಷಧಿ ಅಂಗಡಿ ಇಟ್ಟಿದ್ದಾನೆ. ತಂಡದ ಮೊಣಕಾಲುಗಳೆಲ್ಲ ಅವನ ಖಾಯಂ ಗಿರಾಕಿಗಳು. ಐದನೆಯವನು ದೂರದ ಊರಿನಲ್ಲಿದ್ದ. ಫೋನಿನಲ್ಲಿ ಸಲಹೆ ಮಾತ್ರ ಧಾರಾಳವಾಗಿ ಕಳಿಸಿದ್ದ.

ಕಳ್ಳನ ಹೆಂಡತಿ ಬಾಗಿಲು ತೆಗೆದಳು. ಅಂಚೆ ಕಚೇರಿ ಕೌಂಟರಿನಲ್ಲಿ ಕೆಲಸ. ಒಂಟಿ ಮನೆಯಲ್ಲಿ ಇರಲಾಗದೆ ಅಕ್ಕನ ಊರಿಗೆ ವರ್ಗ ಮಾಡಿಸಿಕೊಂಡಿದ್ದಳು. ಮದುವೆಯಾದಾಗಿನಿಂದ ಇವರೆಲ್ಲ ಅವಳಿಗೆ ಅಣ್ಣಂದಿರು, ಅವಳು ಇವರಿಗೆ ತಂಗಿ.

"ಬನ್ನಿ" ಎಂದಳು. ಅಷ್ಟೇ. ಕೌಂಟರಿನ ಆಚೆ ಕೂತವರು ಮಾತಾಡುವಂತೆ, ಬೇಕಾದಷ್ಟು ಮಾತ್ರ.

ಕಂಬ ಅಭ್ಯಾಸದಂತೆ ತಲೆ ಬಗ್ಗಿಸುವುದನ್ನು ಮರೆತು ಒಳಗೆ ನುಗ್ಗಿದ. ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಆದರೆ ನೋವಾಗಲಿಲ್ಲ! ಮೇಲೆ ನೋಡಿದರೆ ಚೌಕಟ್ಟಿನ ಉದ್ದಕ್ಕೂ ಮೆತ್ತನೆಯ ಫೋಮಿನ ಪಟ್ಟಿ ಅಂಟಿಸಿತ್ತು. ತನ್ನದೇ ಅಂಗಡಿಯ ಹಾಸಿಗೆ ತುಂಡು.

"ನೀವು ಬಂದಾಗ ತಲೆ ಹೊಡಿಸ್ಕೊಳ್ತೀರಂತ ಅವರೇ ಹಾಕಿದ್ದು" ಎಂದಳು ಅವಳು. "‘ಬರೋ ಭಾನುವಾರ ಬಂದೇ ಬರ್ತಾನೆ’ ಅಂತಿದ್ರು."

ಫೋಮಿನ ಬಣ್ಣ ಇನ್ನೂ ಮಾಸಿರಲಿಲ್ಲ. ಭಾನುವಾರವೇ ಹಾಸಿಗೆ ಅಂಗಡಿಗೆ ಗಿರಾಕಿ ಹೆಚ್ಚು, ಏನು ಮಾಡುವುದು? ಕಳ್ಳ ಫೋನು ಮಾಡಿ, "ಬಾರೋ, ಹಳೇ ಕೋರ್ಟಿಗೆ ಹೋಗಿ ಎರಡು ಬಾಲ್ ಹಾಕೋಣ" ಎಂದಾಗಲೆಲ್ಲ ಕಂಬ, "ಮುಂದಿನ ವಾರ ಕಣೋ" ಎನ್ನುತ್ತಿದ್ದ. ಕ್ಯಾಪ್ಟನ್ನೂ ಅದನ್ನೇ ಅಂದಿದ್ದ, ಗೋಂದೂ ಅದನ್ನೇ. ಬದುಕೆಲ್ಲ ಮುಂದಿನ ವಾರಕ್ಕೆ ಹೋಗಿಬಿಟ್ಟಿತ್ತು. ಕಂಬ ಇವತ್ತಾದರೂ ಈ ಮನೆಗೆ ಒಂದು ಕೆಲಸ ನೆಟ್ಟಗೆ ಮಾಡಿಕೊಟ್ಟೇ ತೀರುತ್ತೇನೆಂದು ಮನಸ್ಸಿನಲ್ಲೇ ಶಪಥ ಮಾಡಿದ.

ಅವಳು ಅಡುಗೆಮನೆ ಶೆಲ್ಫಿನತ್ತ ಕೈ ತೋರಿಸಿದಳು. ಅಲ್ಲಿ ದಪ್ಪ ಹಿಡಿಯ ನೀಲಿ ಕಪ್ ಒಂದೇ ಕೂತಿತ್ತು.

"ಏನು ಬೇಕಾದ್ರೂ ಡಬ್ಬಿಗೆ ತುಂಬಿ. ಅದೊಂದನ್ನ ಮುಟ್ಟಬೇಡಿ. ಅವರು ಟೀ ಕುಡೀತಿದ್ದ ಕಪ್. ನಾನೇ ಕೈಯಲ್ಲಿ ಹಿಡ್ಕೊಂಡು ಹೋಗ್ತೀನಿ."

"ನೀನು ನಿಶ್ಚಿಂತೆಯಿಂದ ಇರು ತಂಗಿ! ಅದರ ಹತ್ತಿರ ಒಂದು ನೊಣ ಸುಳಿಯೋಕೆ ಬಿಡಲ್ಲ!" ಎಂದ ಕಂಬ.

ಅವಳು ಬಟ್ಟೆ ಮಡಚಲು ಕೋಣೆಗೆ ಹೋದಳು. ಕೆಲಸ ಶುರುವಾಯಿತು. ಮೊದಮೊದಲು ಬಹಳ ಮರ್ಯಾದೆಯಿಂದ ಪಾತ್ರೆ ಕೈಯಿಂದ ಕೈಗೆ ದಾಟಿತು. ಆಮೇಲೆ ಗೋಂದು ಒಂದು ದಿಂಬು ಎಸೆದ. ಕ್ಯಾಪ್ಟನ್ ಹಿಡಿದ. ಕ್ಯಾಪ್ಟನ್ ಒಂದು ಸ್ಟೀಲ್ ಡಬ್ಬಿ ಎಸೆದ. ಕಂಬ ಒಂದೇ ಕೈಯಲ್ಲಿ ಹಿಡಿದ! ಅಬ್ಬ, ಶುರುವಾಯಿತು ನೋಡಿ ಮಹಾಸಮರ! ಜರಡಿ ಹಾರಿತು, ಬುಟ್ಟಿ ಹಾರಿತು, ಸೌಟು ಹಾರಿತು. ಒಂದೂ ಕೆಳಗೆ ಬೀಳಲಿಲ್ಲ. ಬೋಳುತಲೆ, ಬೊಜ್ಜು, ಮುಲಾಮಿನ ವಾಸನೆ ಎಲ್ಲ ಮರೆತುಹೋಗಿ ಮೂವರೂ ಒಂದು ಗಳಿಗೆ ಹುಡುಗರಾಗಿಬಿಟ್ಟರು.

ಉಳಿದದ್ದು ದೊಡ್ಡ ಬೀರು. ಕ್ಯಾಪ್ಟನ್ನೂ ಗೋಂದೂ ಅದನ್ನು ಎತ್ತಿ ಅಡುಗೆಮನೆ ಬಾಗಿಲ ಮುಂದೆ ತಂದರು. ತಿರುಗಿಸುವಾಗ ಬಾಗಿಲೊಳಕ್ಕೆ ತೂರಿದ ಬೀರುವಿನ ಮೂಲೆ ಶೆಲ್ಫಿಗೆ ತಾಗುವಂತಿತ್ತು. ಅಯ್ಯೋ, ಕಪ್! ಕಂಬ ಹಾರಿ ಹೋಗಿ ಕಪ್ಪನ್ನು ಎತ್ತಿಕೊಂಡ. ಕಾಪಾಡಿದ! ಎದೆಗೆ ಅವಚಿಕೊಂಡ! ಅದೇ ಹೊತ್ತಿಗೆ ಬೀರುವಿನ ಭಾರಕ್ಕೆ ಮುಖ ಕೆಂಪಾದ ಕ್ಯಾಪ್ಟನ್, ಗೋಂದುವಿಗೆ ದಾರಿ ಹೇಳುತ್ತಾ, ಹಳೆಯ ದನಿಯಲ್ಲಿ ಕೂಗಿದ:

"ಎಡಕ್ಕೆ!"

ಕಂಬನ ತಲೆಗೆ ಗೊತ್ತಾಗುವ ಮೊದಲೇ ಕೈಗೆ ಗೊತ್ತಾಯಿತು. ಕಪ್ ಹೋಯಿತು. ತಿರುಗಿಯೂ ನೋಡದ, ಅಪ್ಪಟ, ಅದ್ಭುತ ಪಾಸು! ಕಾಲೇಜಿನಲ್ಲಿ ಕೂಡ ಅಂಥದ್ದು ಬಿದ್ದಿರಲಿಲ್ಲ. ಆ ಅರೆಕ್ಷಣ ಕಂಬನಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಠಳ್!

ಎಡಗಡೆ ಯಾರೂ ಇರಲಿಲ್ಲ. ಬರೀ ಗೋಡೆ. ಕಂಬ ಆ ಗೋಡೆಯನ್ನೇ ನೋಡುತ್ತಾ ನಿಂತ. ಹೆಗಲು ಕೊಟ್ಟು ಹೊತ್ತುಕೊಂಡು ಹೋದ ದಿನವೂ ಕಳ್ಳ ಸತ್ತನೆಂದು ಅವನಿಗೆ ಪೂರ್ತಿ ಅನ್ನಿಸಿರಲಿಲ್ಲ. ಈಗ ಅನ್ನಿಸಿತು.

ಸದ್ದಿಗೆ ಬೆದರಿದ ಇಬ್ಬರೂ ಬೀರು ಕೈಬಿಟ್ಟರು. ಅದು ಬಾಗಿಲಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು. ಕಂಬನೂ ಕಪ್ಪಿನ ಚೂರುಗಳೂ ಅಡುಗೆಮನೆಯಲ್ಲಿ ಬಂದಿ!

"ಏನದು ಸದ್ದು?" ಎಂದು ಕೋಣೆಯಿಂದ ಅವಳು ಕೇಳಿದಳು.

"ಬೆಕ್ಕು!" ಎಂದ ಕ್ಯಾಪ್ಟನ್.

"ತಟ್ಟೆ!" ಎಂದ ಗೋಂದು.

"ನನ್ನ ಮೊಣಕಾಲು ತಂಗಿ!" ಎಂದ ಕಂಬ.

"ಅಷ್ಟು ಜೋರಾಗಿ?"

"ವಯಸ್ಸಾಯ್ತಲ್ಲಮ್ಮ!"

ಬೀರುವಿನ ಮೇಲಿನ ಸಂದಿಯಲ್ಲಿ ಮೂರು ತಲೆ ಸೇರಿದವು. "ಕತ್ತೆ! ಅದೊಂದನ್ನೇ ಬಿಟ್ಟಿದ್ದಳಲ್ಲೋ!" ಎಂದು ಕ್ಯಾಪ್ಟನ್ ಪಿಸುಗುಟ್ಟಿದ. "ನೀನು ಎಡಕ್ಕೆ ಅಂದೆ!" "ನಾನು ಅಂದಿದ್ದು ಬೀರುವಿಗೆ ಕಣೋ!" "ನನ್ನ ಕೈಗೆ ಹೇಗೋ ಗೊತ್ತಾಗಬೇಕು?" ಮೂರು ವರ್ಷ ಆಡಿಯೂ ಒಂದು ಕಪ್ ಗೆಲ್ಲದ ತಂಡ, ನಂಬಿ ಬಿಟ್ಟಿದ್ದ ಒಂದು ಕಪ್ಪನ್ನೂ ಕಳೆದುಕೊಂಡಿತ್ತು. ಕೊನೆಗೆ ಗೋಂದು ಗೋಂದು ತರಲು ಓಡಿದ. ಹೋಗುವಾಗ ಅವಳಿಗೆ, "ಕಂಬನ ಕಾಲಿಗೆ ಪಟ್ಟಿ ತರ್ತೀನಿ" ಎಂದು ಬೇರೆ ಹೇಳಿ ಹೋದ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು.

ಗೋಂದು ಬಂದ. ಚಿಟಿಕೆ ಹೊಡೆಯುವುದರೊಳಗೆ ಕಚ್ಚಿಕೊಳ್ಳುವ ಅಂಟು ಬೀರುವಿನ ಮೇಲಿಂದ ಕಂಬನ ಕೈ ಸೇರಿತು. ಕಂಬ ನೀರಿನ ಡ್ರಮ್ಮಿನ ಮೇಲೆ ಕೂತು ಚೂರು ಜೋಡಿಸತೊಡಗಿದ. ಅಂಟು ಕಪ್ಪಿಗಿಂತ ಹೆಚ್ಚಾಗಿ ಬೆರಳಿಗೇ ಮೆತ್ತಿಕೊಂಡಿತು. ಅಷ್ಟರಲ್ಲಿ ಗೋಂದುವೂ ಕ್ಯಾಪ್ಟನ್ನೂ ಜೀವ ಬಿಟ್ಟು ಬೀರು ಎಳೆದರು. ಅದು ಸರಕ್ಕನೆ ಹೊರಬಂತು. ಬಾಗಿಲು ತೆರೆಯಿತು. ಎದುರಿಗೆ ಮನೆಯಲ್ಲಿದ್ದ ಪಟ್ಟಿಯನ್ನೇ ಹಿಡಿದು ತಂಗಿ ನಿಂತಿದ್ದಳು!

ಕಂಬ ಎರಡೂ ಕೈ ಬೆನ್ನ ಹಿಂದೆ ಅಡಗಿಸಿದ.

"ಯಾವ ಕಾಲು ಕಂಬಣ್ಣ?"

"ಎರಡೂ... ಅಲ್ಲ, ಇದು."

ಅವಳು ಕೆಳಗೆ ಕೂತು, ಏನೂ ಆಗದ ಕಾಲಿಗೆ ಪಟ್ಟಿ ಸುತ್ತತೊಡಗಿದಳು. "ಅವರಿಗೂ ಹೀಗೇ ಕಟ್ತಿದ್ದೆ" ಎಂದಳು ತಲೆ ಎತ್ತದೆ. ಕಂಬನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಈ ತುದಿ ಒಂಚೂರು ಹಿಡ್ಕೊಳ್ಳಿ."

"ಬೇಡ ತಂಗಿ, ಹಾಗೇ ಇರ್ಲಿ."

"ಹಿಡ್ಕೊಳ್ಳಿ ಅಣ್ಣ, ಬಿಚ್ಚಿಹೋಗುತ್ತೆ."

ಎಡಗೈ ತಂದ. ತೋರುಬೆರಳೂ ಹೆಬ್ಬೆರಳೂ ಅಂಟಿಹೋಗಿದ್ದವು. ಬಲಗೈ ತಂದ. ಅದರ ಜೊತೆಗೆ ಕಪ್ಪೂ ಬಂತು. ಅರ್ಧ ಕಪ್. ಹಿಡಿ ಒಳಗೂ ತಳ ಮೇಲಕ್ಕೂ ಆಗಿ, ನಾಲ್ಕು ಬೆರಳಿಗೆ ಭದ್ರವಾಗಿ ಕಚ್ಚಿಕೊಂಡಿತ್ತು. ಬಾಗಿಲಲ್ಲಿ ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡ. ಗೋಂದು ಗೋಡೆ ಕಡೆ ತಿರುಗಿದ.

ಅವಳು ಕಪ್ಪನ್ನು ನೋಡಿದಳು. ಗೋಡೆ ಬುಡದ ನೀಲಿ ಪುಡಿ ನೋಡಿದಳು. ಕಂಬನ ಮುಖ ನೋಡಿದಳು.

"ಯಾವ ಕಡೆಗೆ ಎಸೆದ್ರಿ?"

"...ಎಡಕ್ಕೆ."

ಅವಳಿಗೆ ಸಣ್ಣಗೆ ನಗು ಬಂತು. ಆ ನಗು ನಿಲ್ಲಲಿಲ್ಲ. ನಗುತ್ತಲೇ ನೆಲದ ಮೇಲೆ ಕೂತಳು, ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅವತ್ತಿನಿಂದ ಬಾರದಿದ್ದ ಅಳುವೆಲ್ಲ ಆ ಅಡುಗೆಮನೆಯಲ್ಲಿ ಗಟ್ಟಿಯಾಗಿ ಬಂತು. ಮೂವರು ಗಂಡಸರು ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತರು.

ಸುಮಾರು ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡಳು.

"ಇದು ಎಷ್ಟನೇ ಕಪ್ಪೋ ನನಗೇ ಲೆಕ್ಕ ಇಲ್ಲ ಅಣ್ಣ. ಟಿ.ವಿ.ಯಲ್ಲಿ ಮ್ಯಾಚ್ ಬಂದ್ರೆ ಸಾಕು, ಟೀ ಕುಡಿದು ಮುಗಿಸಿ, ನೋಡದೇನೇ ಬಲಕ್ಕೆ ಎಸೆದುಬಿಡೋರು. ಬಲಗಡೆ ಯಾರಿದ್ದಾರೆ? ಗೋಡೆ! ಒಡೆದ ಮೇಲೆ ಬೈಗುಳ ಮಾತ್ರ ನಿಮಗೆ. ‘ಎಲ್ಲಿ ಸತ್ತನೋ ಈ ಕಂಬ!’ ಅನ್ನೋರು. ನಾನು ಮತ್ತೆ ಅಂಥದ್ದೇ ನೀಲಿ ತರ್ತಿದ್ದೆ. ಪಾತ್ರೆ ಅಂಗಡಿಯವನು ನನ್ನ ಮುಖ ನೋಡಿದ ತಕ್ಷಣ ನೀಲಿ ಕಪ್ ಕೆಳಗಿಳಿಸ್ತಿದ್ದ."

ಕಂಬ ಮಗುವಿನ ಹಾಗೆ ಅತ್ತ. ಕಪ್ ಅಂಟಿದ ಕೈಯಲ್ಲೇ ಕಣ್ಣು ಒರೆಸಲು ಹೋಗಿ ಮೂಗಿಗೆ ಬಡಿದುಕೊಂಡ.

"ನಾನು ಬರಬೇಕಿತ್ತು ತಂಗಿ. ಒಂದು ಭಾನುವಾರನಾದ್ರೂ ಬರಬೇಕಿತ್ತು. ನಾನು ಬಲಗಡೆ ಇದ್ದಿದ್ರೆ... ಒಂದು ಕಪ್ಪೂ ಒಡೆಯೋಕೆ ಬಿಡ್ತಿರಲಿಲ್ಲ."

ಅವಳು ಪಕ್ಕದ ಡಬ್ಬಿಯಿಂದ ಒಂದು ಸ್ಟೀಲ್ ಲೋಟ ತೆಗೆದಳು. ಮುಖ ಅತ್ತ ತಿರುಗಿಸಿಕೊಂಡೇ ಕಂಬನ ಕಡೆಗೆ ಎಸೆದಳು.

ಕಾಲೇಜಿಗೆ ಕಾಲೇಜೇ ಚಪ್ಪಾಳೆ ತಟ್ಟಿದ್ದ ಕಂಬ ಎರಡೂ ಕೈ ಚಾಚಿದ. ಕಣ್ಣು ತುಂಬ ನೀರು. ಲೋಟ ಎದೆಗೆ ಬಡಿದು, ಡ್ರಮ್ಮಿಗೆ ತಾಗಿ, ಠಣಠಣ ಉರುಳುತ್ತಾ ಕ್ಯಾಪ್ಟನ್ನಿನ ಕಾಲ ಬಳಿ ನಿಂತಿತು.

"ಬಿಡಿ ಕಂಬಣ್ಣ" ಎಂದಳು ತಂಗಿ, ಕಣ್ಣೊರೆಸಿಕೊಂಡು. "ನೀವಿದ್ದಿದ್ರೂ ಒಡೀತಿತ್ತು."