ಅತ್ತೆಗೆ ಎರೆಹುಳ

ಮಾವಿನ ಮರದಡಿ ಬಿದ್ದ ಒಣ ಎಲೆಗೋಸ್ಕರ ಒಬ್ಬ ಗಂಡಸು ಕಣ್ಣೀರು ಹಾಕಿದ್ದು ಮಧುವನಹಳ್ಳಿಯಲ್ಲಿ ಅದೇ ಮೊದಲು. ಆ ಗಂಡಸು ಮನೆ ಅಳಿಯ ಶಾಂತಮೂರ್ತಿ.

ಮನೆ ಅಳಿಯ ಅಂದರೆ ಗೊತ್ತಲ್ಲ, ಊರಿಗೆಲ್ಲ ಅಳಿಯ. ಕಾಮಗೆರೆಯಲ್ಲಿ ಹೆತ್ತವರು ಇಟ್ಟ ಹೆಸರು ಇಲ್ಲಿ ಯಾರಿಗೂ ಬೇಕಿರಲಿಲ್ಲ. ಹಾಲು ಹಾಕುವವಳಿಂದ ಹಿಡಿದು ಪಂಚಾಯಿತಿ ಮೆಂಬರ್‌ವರೆಗೆ ಎಲ್ಲರೂ ‘ಅಳಿಯಂದ್ರೇ’ ಅಂತಲೇ ಕರೆಯುತ್ತಿದ್ದರು. ಕರೆದು ಸುಮ್ಮನಿದ್ದರೆ ಪರವಾಗಿಲ್ಲ, ಕರೆದಾಗಲೆಲ್ಲ ಒಂದಿಷ್ಟು ಬುದ್ಧಿಯನ್ನೂ ಹೇಳಿ ಕಳಿಸುತ್ತಿದ್ದರು.

ಅತ್ತೆ ಚನ್ನಮಲ್ಲಮ್ಮನವರ ಮಾವಿನ ತೋಟವನ್ನು ಮೊದಲು ಪಕ್ಕದ ತೋಟದ ರುದ್ರಸ್ವಾಮಿ ಗುತ್ತಿಗೆಗೆ ಮಾಡುತ್ತಿದ್ದ. ಅವನ ಕಾಲದಲ್ಲಿ ಮರದಡಿ ಒಂದೆಲೆ ಬಿದ್ದಿರುವಂತಿರಲಿಲ್ಲ. ಗುಡಿಸು, ಗುಡ್ಡೆ ಹಾಕು, ಬೆಂಕಿ ಇಡು. ತೋಟ ಅಂಗಳದಂತೆ ಹೊಳೆಯುತ್ತಿತ್ತು. ಮಣ್ಣೂ ಅಂಗಳದಷ್ಟೇ ಗಟ್ಟಿಯಾಗಿ, ಕಾಯಿ ವರ್ಷ ವರ್ಷಕ್ಕೆ ಕಮ್ಮಿಯಾಗುತ್ತಿತ್ತು. ಶಾಂತಮೂರ್ತಿ ಹೇಗೋ ಅತ್ತೆಯನ್ನು ಒಪ್ಪಿಸಿ ತೋಟ ವಹಿಸಿಕೊಂಡ. ತರಗೆಲೆಯನ್ನು ಸುಡದೆ ವರ್ಷವಿಡೀ ಮರದ ಬುಡಕ್ಕೇ ಹೊದಿಸಿದ. ಸಾಲುಗಳ ನಡುವೆ ಹುರುಳಿ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಗುಡ್ಸಾಕೆ ಮೈಗಳ್ಳತನ ಕಣ್ಲಾ! ಕೇಳುದ್ರೆ ಗೊಬ್ರ ಅಂತಾವ್ರೆ!”

ಅತ್ತೆ ಮಾತ್ರ ನಗಲಿಲ್ಲ, ಷರತ್ತು ಹಾಕಿದರು. “ಅಳಿಯಂದ್ರೇ, ನಂಗೆ ನಿಮ್ಮ ಭಾಷ್ಣ ಬ್ಯಾಡ. ಯಳಂದೂರಿಗೆ ಓಗಿ ದೊಡ್ಡವಳ ಮನೇಲಿ ಒಸಿ ದಿನ ಇದ್ದು ಬತ್ತೀನಿ. ಬಂದ ದಿನವೇ ದೊಡ್ಡ ಮರದ ಬುಡ ಬಗೀತೀನಿ. ಎರೆಹುಳ ಕಂಡ್ರೆ ತೋಟ ನಿಮ್ ಕೈಲೇ ಇರ್ಲಿ. ಕಾಣ್ನಿಲ್ವಾ, ರುದ್ರಸ್ವಾಮಿಗೇ ಗುತ್ತಿಗೆ.”

ಆ ದಿನ ಇವತ್ತು. ಅತ್ತೆ ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಶಾಂತಮೂರ್ತಿಗೆ ಆ ತೋಟವೆಂದರೆ ಪ್ರಾಣ. ಈ ಊರಲ್ಲಿ ಅವನದು ಅಂತ ಹೇಳಿಕೊಳ್ಳುವ ಕೆಲಸ ಅದೊಂದೇ ಇತ್ತು. ಹುಳ ಇಲ್ಲದಿದ್ದರೆ ಏನು ಗತಿ ಎಂಬ ಹೆದರಿಕೆಗೆ ಒಂದು ಸಲವೂ ಅವನು ಬುಡ ಬಗೆದು ನೋಡಿರಲಿಲ್ಲ. ಬೆಳಿಗ್ಗೆ ಎದ್ದವನೇ ಅತ್ತೆಗೆ ಇಷ್ಟವಾದ ಮೈಸೂರುಪಾಕು ತರಲು ಕೊಳ್ಳೇಗಾಲಕ್ಕೆ ಬೈಕು ಓಡಿಸಿದ.

ವಾಪಸ್ ಬಂದು ತೋಟದೊಳಗೆ ಕಾಲಿಟ್ಟವನು ತಪ್ಪಿ ರುದ್ರಸ್ವಾಮಿಯ ತೋಟಕ್ಕೆ ಬಂದೆನೇನೋ ಎಂದು ಹಿಂದೆ ಸರಿದ. ಮರದಡಿ ಒಂದೆಲೆ ಇಲ್ಲ! ನೆಲಕ್ಕೆಲ್ಲ ಸಗಣಿ ನೀರು ಚಿಮುಕಿಸಿದ್ದರು. ದೊಡ್ಡ ಮರದ ಬುಡದಲ್ಲಿ ರಂಗೋಲಿ ಬೇರೆ. ಪೊರಕೆ ಹಿಡಿದ ಸ್ತ್ರೀಶಕ್ತಿ ಸಂಘದ ಹೆಂಗಸರ ನಡುವೆ ಹೆಂಡತಿ ಕೋಮಲ ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದಳು.

“ಎಂಗದೆ ರೀ? ಅವ್ವ ಬಂದು ಆ ಕಸ ನೋಡಿದ್ರೆ ನನ್ ಮಾನ ಏನಾಗ್ಬೇಕು? ಅದ್ಕೆ ಎಲ್ಲಾ ಸೇರ್ಕಂಡು ಗುಡ್ಸಿಬುಟ್ವಿ.”

“ತರಗು ಎಲ್ಲೇ, ಕೋಮಲಾ?”

“ರುದ್ರಸ್ವಾಮಣ್ಣ ಟ್ರ್ಯಾಕ್ಟರ್ ತಂದು ತುಂಬ್ಕಂಡು ಓದ್ರು. ಪಾಪ, ಬಾಡ್ಗೆನೂ ಬ್ಯಾಡ ಅಂದ್ರು.”

ಪಾಪವಂತೆ ಪಾಪ! ಶಾಂತಮೂರ್ತಿಗೆ ಅಳುವೇ ಬಂತು. ಇನ್ನೊಂದು ಕಡೆ, ಪಕ್ಕದ ಮನೆಯ ದೊಡ್ಡಮಾದಪ್ಪನ ಕೋಳಿಗಳು ಗುಡಿಸಿದ ನೆಲಕ್ಕೆ ನುಗ್ಗಿ ಹಬ್ಬ ಮಾಡುತ್ತಿದ್ದವು. ಅವನ ಕಣ್ಣೆದುರೇ ಒಂದು ಹೇಂಟೆ ಉದ್ದನೆಯ ಎರೆಹುಳವೊಂದನ್ನು ಶಾವಿಗೆಯಂತೆ ಎಳೆದು ನುಂಗಿತು. ಇದ್ದದ್ದೊಂದೂ ಹೋಯಿತಲ್ಲಪ್ಪಾ!

ಬಸ್ಸು ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಶಾಂತಮೂರ್ತಿ ಮನೆಗೆ ಓಡಿ, ಖಾಲಿ ಕಾಫಿಪುಡಿ ಡಬ್ಬ ಎತ್ತಿಕೊಂಡು ಬಚ್ಚಲ ಹಿಂದಿನ ಬಾಳೆಗಿಡದ ಬುಡಕ್ಕೆ ಕುಕ್ಕರುಗಾಲಲ್ಲಿ ಕೂತ. ಆ ಒದ್ದೆ ಮಣ್ಣಲ್ಲಿ ಹುಳಕ್ಕೇನು ಬರ? ಬೆರಳಲ್ಲಿ ಹಿಡಿಹಿಡಿದು ಡಬ್ಬಕ್ಕೆ ತುಂಬಿದ. ಇವನ್ನೊಯ್ದು ದೊಡ್ಡ ಮರದಡಿ ಹೂತರಾಯಿತು, ಅತ್ತೆಗೇನು ಹುಳದ ಗುರುತು ಸಿಕ್ಕೀತೇ!

“ಅಳಿಯಂದ್ರೇ! ನೀವೂನಾ?”

ಹಿತ್ತಲ ಬೇಲಿ ಮೇಲಿಂದ ದೊಡ್ಡಮಾದಪ್ಪನ ಮುಖ ಇಣುಕಿತು. ದೊಡ್ಡಮಾದಪ್ಪ ಬಿಡುವಾದಾಗಲೆಲ್ಲ ಕೆರೆಗೆ ಗಾಳ ಹಾಕುವ ಆಸಾಮಿ. ಡಬ್ಬದಲ್ಲಿ ಎರೆಹುಳ ಕಂಡರೆ ಅವನಿಗೆ ಹೊಳೆಯುವುದು ಒಂದೇ ವಿಷಯ.

“ಕೊಳ್ಳಲ್ಲಿ ಲಿಂಗ ಅದೆ, ಮೀನ್ ಆಸೆನೂ ಅದೆ. ಅಯ್ಯೋ, ನಂಗೆ ಅರ್ಥ ಆಯ್ತದೆ ಬುಡಿ! ಗಾಳ ನಾನ್ ಕೊಡ್ತೀನಿ.”

ನಿಜ ಹೇಳಿದರೆ ಮೋಸ ಬಯಲಾಗುತ್ತದೆ. ಶಾಂತಮೂರ್ತಿ ಡಬ್ಬಕ್ಕೆ ಮುಚ್ಚಳ ಹಾಕಿ, “ಮಾದಪ್ಪಣ್ಣ, ದಮ್ಮಯ್ಯ, ಯಾರ್ಗೂ ಹೇಳ್ಬೇಡ,” ಎಂದುಬಿಟ್ಟ.

“ತಾಯಾಣೆ ಯೋಳಲ್ಲ,” ಎಂದ ದೊಡ್ಡಮಾದಪ್ಪ, ನೆಟ್ಟಗೆ ಟೀ ಅಂಗಡಿಗೆ ಹೋದ.

ಶಾಂತಮೂರ್ತಿ ಬೀದಿ ದಾಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದಿತ್ತು. ಅಳಿಯಂದಿರು ವಾರಕ್ಕೊಮ್ಮೆ ಮೀನು ತಿನ್ನುತ್ತಾರೆಂದು ಒಬ್ಬರೆಂದರೆ, ಇನ್ನೊಬ್ಬರು ದಿನಾ ಎಂದರು. ಅವನು ಯಾರ ಮುಖವನ್ನೂ ನೋಡದೆ ತೋಟಕ್ಕೆ ಬಂದು, ಡಬ್ಬವನ್ನು ಮರದಡಿ ಇಟ್ಟು ಮುಚ್ಚಳ ತೆಗೆದ. ಗುದ್ದಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ತೋಟದ ಬಾಗಿಲಲ್ಲಿ ಗದ್ದಲವಾಯಿತು. ಮುಂದೆ ಚನ್ನಮಲ್ಲಮ್ಮ, ಹಿಂದೆ ಅರ್ಧ ಊರು. ಅವರು ಬಸ್ಸಿಳಿದ ಕೂಡಲೇ ದೊಡ್ಡಮಾದಪ್ಪ ಎದುರು ಹೋಗಿ, “ಅಮ್ಮಾವ್ರೇ, ಅಳಿಯಂದ್ರನ್ನ ಬೈಬ್ಯಾಡಿ, ಬಾಯ್ ರುಚಿ ಯಾರ್ನ ಬುಟ್ಟದೆ,” ಎಂದು ಒಳ್ಳೆ ಮನಸ್ಸಿನಿಂದಲೇ ಬೇಡಿಕೊಂಡಿದ್ದ.

ಕೋಪ ಬಂದರೆ ಚನ್ನಮಲ್ಲಮ್ಮನವರಿಗೆ ಬಹುವಚನ ನೆನಪಿರುವುದಿಲ್ಲ.

“ಥೂ! ಎದೆ ಮ್ಯಾಲೆ ಲಿಂಗ ಮಡಿಕಂಡು ಮೀನು ತಿಂತೀಯಾ? ಆ ಹುಳ ಯಾತಕ್ಕೆ ಇಡಿದೆ, ಯೋಳು!”

ಒಪ್ಪಿಕೊಂಡರೆ ಮಾನ ಹೋಗುತ್ತದೆ, ನಿಜ ಹೇಳಿದರೆ ತೋಟ ಹೋಗುತ್ತದೆ. ಶಾಂತಮೂರ್ತಿ ಒಮ್ಮೆ ಅತ್ತೆಯ ಹಿಂದೆ ನಿಂತಿದ್ದ ಕೋಮಲಳ ಮುಖ ನೋಡಿದ. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

“ಮೀನಿಗಲ್ಲ ಅತ್ತೆ, ನಿಮ್ಗೆ!”

ಚನ್ನಮಲ್ಲಮ್ಮ ಒಂದು ಹೆಜ್ಜೆ ಹಿಂದೆ ಸರಿದರು.

“ನಂಗಾ?”

“ನಿಮ್ಗೆ ತೋರ್ಸಕ್ಕೆ! ತರಗೆಲ್ಲ ಗುಡಿಸ್ಬಿಟ್ರು, ಇದ್ದ ಹುಳಾನ ಕೋಳಿ ತಿಂದ್ವು. ತೋಟ ಹೋಗ್ತದಲ್ಲ ಅಂತ ಬಚ್ಚಲ ಹಿಂದ್ಲಿಂದ ತಂದು ಹೂಳನ ಅಂತಿದ್ದೆ. ತಪ್ಪಾಯ್ತು, ಅತ್ತೆ. ಇನ್ನೂ ಹೂತಿಲ್ಲ.”

ಗುಂಪಿನಲ್ಲಿದ್ದ ರುದ್ರಸ್ವಾಮಿ ಮೀಸೆಯಡಿಯಲ್ಲಿ ನಕ್ಕ. ಚನ್ನಮಲ್ಲಮ್ಮ ಸೆರಗು ಸಿಕ್ಕಿಸಿ, ಗುದ್ದಲಿ ಎತ್ತಿ ರಂಗೋಲಿಯ ನಟ್ಟನಡುವೆ ಹಾಕಿದರು. ಗುದ್ದಲಿ ಸಲೀಸಾಗಿ ಇಳಿಯಿತು. ಎದ್ದು ಬಂದದ್ದು ಕಪ್ಪನೆಯ, ಉಪ್ಪಿಟ್ಟಿನಂತೆ ಉದುರುದುರಾದ ಮಣ್ಣು. ಅದರ ತುಂಬ ಎರೆಹುಳ! ಇನ್ನೊಂದು ಮರದಡಿ ಅಗೆದರು, ಅಲ್ಲೂ ಹುಳ. ಕೋಳಿಗಳ ಕೊಕ್ಕಿಗೆ ಎಟುಕಿದ್ದು ಮೇಲಿನವು ಮಾತ್ರ. ಕೆಳಗೆ ಅವುಗಳ ಊರೇ ಇತ್ತು. ಶಾಂತಮೂರ್ತಿಗೆ ಸಂತೋಷ ತಡೆಯಲಾಗದೆ ಮಣ್ಣನ್ನು ಬೊಗಸೆಯಲ್ಲಿ ಎತ್ತಿಕೊಂಡು, “ನೋಡ್ರತ್ತೆ, ನೋಡ್ರೀ!” ಎಂದು ಕೂಗಿದ.

“ನೋಡ್ದೆ,” ಎಂದರು ಚನ್ನಮಲ್ಲಮ್ಮ. ಕೋಪ ಇಳಿದು ಬಹುವಚನ ಬಂದಿತ್ತು. “ಎಲ್ಲ ಮರಕ್ಕೂ ಚೆನ್ನಾಗೇ ಊತಿದ್ದೀರಿ.”

“ಅಯ್ಯೋ, ಇಲ್ಲ ಅತ್ತೆ! ಇವು ತೋಟದವೇ! ನಾನು ತಂದಿದ್ದು ಡಬ್ಬದಲ್ಲೇ ಅವೆ, ಬೇಕಾದ್ರೆ ನೋಡಿ!”

ಓಡಿಹೋಗಿ ಡಬ್ಬ ಎತ್ತಿ ಎಲ್ಲರೆದುರು ಬೋರಲು ಹಾಕಿದ. ಒಂದು ಚೂರು ಒದ್ದೆ ಮಣ್ಣು ಬಿತ್ತು, ಅಷ್ಟೇ. ಪಕ್ಕದಲ್ಲಿ ದೊಡ್ಡಮಾದಪ್ಪನ ಹೇಂಟೆ ಕೊಕ್ಕನ್ನು ನೆಲಕ್ಕೆ ಉಜ್ಜಿಕೊಳ್ಳುತ್ತಿತ್ತು.

ಊರೆಲ್ಲ ಗೊಳ್ಳೆಂದಿತು. ಚನ್ನಮಲ್ಲಮ್ಮ ಮಾತ್ರ ಕೋಳಿಯನ್ನೂ ಮಣ್ಣನ್ನೂ ಅಳಿಯನನ್ನೂ ಒಂದೊಂದು ಸಲ ನೋಡಿದರು.

“ಇನ್ನೊಂದು ವರ್ಸ. ಷರತ್ತು ಅದೇ. ಈ ಸಲ ಕಾವಲಿಗೆ ನಾನೇ ಕೂರ್ತೀನಿ.”

ಅಲ್ಲಿಗೆ ಬೆಳಿಗ್ಗೆ ಎಲ್ಲಿದ್ದನೋ ಅಲ್ಲೇ ನಿಂತ ಶಾಂತಮೂರ್ತಿ. ಅಲ್ಲ, ಅದಕ್ಕಿಂತ ಒಂದು ಹೆಜ್ಜೆ ಹಿಂದೆಯೇ. ಒಂದು ಹಿಡಿ ಮಣ್ಣು ಎತ್ತಿ ಮೂಸಿ ನೋಡಿದ ರುದ್ರಸ್ವಾಮಿ, ಬೇಲಿಯ ಹತ್ತಿರ ಹೋಗಿ ಮೆಲ್ಲಗೆ ಫೋನು ಮಾಡುತ್ತಿದ್ದುದು ಕೇಳಿಸಿತು. “ಲೇ, ಆ ತರಗಿಗೆ ಬೆಂಕಿ ಇಕ್ಬ್ಯಾಡ ಕಣ್ಲಾ. ನಮ್ ಮರದ ಬುಡಕ್ಕೇ ಸುರಿ.”

ತರಗೂ ಹೋಯಿತು. ಆದರೂ ಶಾಂತಮೂರ್ತಿಯ ಬೊಗಸೆಯಲ್ಲಿ ಮಣ್ಣು ತಣ್ಣಗಿತ್ತು, ಒಂದು ಹುಳ ಅಂಗೈಯಲ್ಲಿ ಕಚಗುಳಿ ಇಡುತ್ತಿತ್ತು. ಯಾರೂ ನಂಬದಿದ್ದರೆ ಬೇಡ, ತಾನು ನೋಡಿದೆನಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಅಷ್ಟರಲ್ಲಿ ಮರದಿಂದ ಹಣ್ಣೆಲೆಯೊಂದು ಉದುರಿ ಗುಡಿಸಿದ ನೆಲದ ಮೇಲೆ ಬಿತ್ತು. ಅಭ್ಯಾಸಬಲ, ಕೋಮಲ ಎತ್ತಲು ಬಗ್ಗಿದಳು. ಶಾಂತಮೂರ್ತಿ ಬಾಯಿ ತೆರೆಯುವ ಮೊದಲೇ ಚನ್ನಮಲ್ಲಮ್ಮ ಕಿರುಚಿಕೊಂಡರು:

“ಮುಟ್ಬ್ಯಾಡ ಕಣವ್ವ! ಅದು ಗೊಬ್ರ!”